ಮಕ್ಕಳಿಗೆ ಈಗ ಎಸ್‌ಎಸ್‌ಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್) ಬಂತು, ಹಿಂದಿನ ಮೂರು ವರ್ಷದ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್ ಈಗ ಕೇಳಬಹುದಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವಿರುವುದು ಟೆಕ್ಸಾಸ್‌ನ ಪ್ಲೇನೋದಲ್ಲಿ. 2021ರಲ್ಲಿ ನಮ್ಮ ಯಜಮಾನರು ಎಲ್-1 ವೀಸಾದಲ್ಲಿ (ಕಂಪನಿಯೇ ಇಲ್ಲಿಗೆ ವರ್ಗ ಮಾಡಿದಾಗ ಕೊಡುವುದು) ಬಂದರು, ನಾನು ಮತ್ತು ಮಕ್ಕಳು ಅವರ ಅವಲಂಬಿತರಾಗಿ ಎಲ್-2. ಮಕ್ಕಳಿಬ್ಬರೂ ಶಿವಮೊಗ್ಗದಲ್ಲೇ ಹುಟ್ಟಿದವರು. ದೊಡ್ಡವಳಿಗೆ ಈಗ 9, ಚಿಕ್ಕವನಿಗೆ 6. ಕೆಲಸ ಮಾಡುವ ಪರ್ಮಿಟ್ ಇಲ್ಲದ ಮಕ್ಕಳಿಗೆ ಎಸ್‌ಎಸ್‌ಎನ್ ಕೊಡಲ್ಲ ಅಂದರು, ಹಾಗಾಗಿ ಮೊದಲ ವರ್ಷವೇ ಡಬ್ಲ್ಯು-7 ಫಾರಂ ತುಂಬಿ ಇಬ್ಬರಿಗೂ ಐಟಿನ್ (ಎಸ್‌ಎಸ್‌ಎನ್ ಸಿಗದವರಿಗೆ ಟ್ಯಾಕ್ಸ್‌ಗೆ ಮಾತ್ರ ಕೊಡುವ ನಂಬರ್) ಮಾಡಿಸಿದೆವು. ಅಲ್ಲಿಂದ ಪ್ರತಿ ವರ್ಷ ಒಂದೊಂದು ಮಗುವಿಗೆ 500 ಡಾಲರ್ ಕ್ರೆಡಿಟ್ (ಕಟ್ಟುವ ಟ್ಯಾಕ್ಸ್‌ನಲ್ಲಿ ಅಷ್ಟು ಕಡಿತ) ಮಾತ್ರ. ಪಕ್ಕದ ಮನೆ ಮಗು ಇಲ್ಲೇ ಹುಟ್ಟಿದ್ದು, ಅವರಿಗೆ 2,000. ಅದೇ ಸ್ಕೂಲು, ಅದೇ ಬಸ್ಸು, ನಮ್ಮ ಮಕ್ಕಳಿಗೆ ಮಾತ್ರ ಕಾಲು ಬೆಲೆ!

ಈಗ ಸಂತೋಷದ ಸುದ್ದಿ ಏನಂದರೆ 2025ರ ಡಿಸೆಂಬರ್‌ನಲ್ಲಿ ನಾಲ್ಕು ಜನರಿಗೂ ಗ್ರೀನ್ ಕಾರ್ಡ್ ಬಂತು. ಜನವರಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಆಫೀಸಿಗೆ ಹೋಗಿ ಅರ್ಜಿ ಕೊಟ್ಟೆವು, ಫೆಬ್ರವರಿ ಮೊದಲ ವಾರ ಮಕ್ಕಳ ಕಾರ್ಡ್ ಕೈಗೆ ಬಂತು. ಈಗ ನಾವು ಕಾನೂನು ಪ್ರಕಾರ ರೆಸಿಡೆಂಟ್, ಮಕ್ಕಳಿಗೂ ನಂಬರ್ ಇದೆ, ಅಂದಮೇಲೆ 2022, 2023, 2024 ಮೂರೂ ವರ್ಷದ ರಿಟರ್ನ್ ತಿದ್ದಿ ಬಾಕಿ ಹಣ ಕೇಳಬಹುದಲ್ವಾ? ಮಗುವಿಗೆ 1,500 ಅಂತ ಇಟ್ಟುಕೊಂಡರೂ ಇಬ್ಬರಿಗೆ, ಮೂರು ವರ್ಷಕ್ಕೆ 9,000 ಡಾಲರ್. ಸಣ್ಣ ಮೊತ್ತ ಅಲ್ಲ.

ನಮ್ಮ ಸಿಪಿಎ (ಟ್ಯಾಕ್ಸ್ ನೋಡುವ ಅಕೌಂಟೆಂಟ್) ಫೋನ್‌ನಲ್ಲಿ ಒಂದೇ ಮಾತಲ್ಲಿ ಆಗಲ್ಲ ಅಂದುಬಿಟ್ಟರು, ಕಾರಣ ಹೇಳಲಿಲ್ಲ. ಇಲ್ಲಿ ಪರಿಚಯದವರೊಬ್ಬರ ಮೂಲಕ ಸಿಕ್ಕ ಇನ್ನೊಬ್ಬ ಟ್ಯಾಕ್ಸ್ ಮಾಡುವವರು "ಮೂರೂ ವರ್ಷದ್ದು ತೆಗೆಸಿಕೊಡ್ತೀನಿ, ಬಂದದ್ದರಲ್ಲಿ 25 ಪರ್ಸೆಂಟ್ ನನಗೆ" ಅಂತಾರೆ. ಯಜಮಾನರ ಆಫೀಸಲ್ಲಿ ಒಬ್ಬರು ಹಿಂದೆ ಯಾರೋ ಹೀಗೇ ತೆಗೆದುಕೊಂಡಿದ್ದಾರೆ ಅಂತ ಆಣೆ ಮಾಡಿ ಹೇಳ್ತಾರೆ. ಯಾರನ್ನು ನಂಬಬೇಕು ಗೊತ್ತಾಗ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ. 2025ರ ರಿಟರ್ನ್ ಇನ್ನೂ ಹಾಕಿಲ್ಲ.

ಲೆಕ್ಕದ ಮೇಷ್ಟ್ರು

ಮೊದಲು ಗ್ರೀನ್ ಕಾರ್ಡಿಗೆ ಅಭಿನಂದನೆ ಮೇಡಂ. ಇನ್ನು ನೇರವಾಗಿ ಹೇಳಿಬಿಡುತ್ತೇನೆ. 2022, 2023, 2024 ಮೂರಕ್ಕೂ ಆಗಲ್ಲ. 2025ಕ್ಕೆ ಪೂರ್ತಿ ಸಿಗುತ್ತದೆ. ನಿಮ್ಮ ಸಿಪಿಎ ಹೇಳಿದ್ದು ಸರಿ, ಫೆಬ್ರವರಿ ತಿಂಗಳಲ್ಲಿ ಕಾರಣ ಬಿಡಿಸಿ ಹೇಳುವಷ್ಟು ಪುರುಸೊತ್ತು ಯಾವ ಸಿಪಿಎಗೂ ಇರಲ್ಲ ಅಷ್ಟೇ.

ಇಡೀ ವಿಷಯ ನಿಂತಿರುವುದು ಒಂದು ತಾರೀಖಿನ ಮೇಲೆ. ಯಾವ ವರ್ಷದ ಕ್ರೆಡಿಟ್ ಕೇಳುತ್ತೀರೋ ಆ ವರ್ಷದ ರಿಟರ್ನ್ ಹಾಕಲು ಇದ್ದ ಕೊನೆಯ ದಿನದೊಳಗೆ ಮಗುವಿಗೆ ಕೆಲಸಕ್ಕೆ ಒಪ್ಪಿಗೆ ಇರುವ ಎಸ್‌ಎಸ್‌ಎನ್ ಮಂಜೂರಾಗಿರಬೇಕು. ಎಕ್ಸ್‌ಟೆನ್ಷನ್ (ರಿಟರ್ನ್ ಹಾಕಲು ಹೆಚ್ಚಿನ ಸಮಯ) ತೆಗೆದುಕೊಂಡಿದ್ದರೆ ಆ ಕೊನೆಯ ದಿನ ಅಕ್ಟೋಬರ್‌ವರೆಗೆ ಹೋಗುತ್ತದೆ. ಮಗು ಆ ವರ್ಷವಿಡೀ ನಿಮ್ಮ ಜೊತೆಗೇ ಇತ್ತು, ನೀವು ಪೈಸೆ ಬಿಡದೆ ಟ್ಯಾಕ್ಸ್ ಕಟ್ಟಿದ್ದೀರಿ, ಎಲ್ಲ ಸರಿ. ಆದರೆ ನಂಬರ್ ಬಂದದ್ದು 2026ರ ಫೆಬ್ರವರಿ. 2024ರ ರಿಟರ್ನ್‌ಗೆ ಕೊನೆಯ ದಿನ 2025ರ ಏಪ್ರಿಲ್ 15, ಎಕ್ಸ್‌ಟೆನ್ಷನ್ ಇದ್ದರೂ ಅಕ್ಟೋಬರ್ 15. ಎರಡೂ ದಾಟಿಹೋಗಿವೆ. 2025ರ ರಿಟರ್ನ್‌ಗೆ ಇನ್ನೂ 2026ರ ಏಪ್ರಿಲ್ 15ರವರೆಗೆ ಸಮಯ ಇದೆ, ಕಾರ್ಡ್ ಆಗಲೇ ಕೈಯಲ್ಲಿದೆ. ಆ ವರ್ಷಕ್ಕೆ ಮಗುವಿಗೆ 2,200 ಮಾಡಿದ್ದಾರೆ, ಅಂದರೆ ಇಬ್ಬರಿಗೆ 4,400. ಕಾರ್ಡ್ ಬಂದದ್ದು 2026ರಲ್ಲಿ, ವರ್ಷ 2025 ಅಂತ ಹೆದರಬೇಡಿ. ಡಿಸೆಂಬರ್ 31ರೊಳಗೆ ಬಂದಿರಬೇಕು ಅಂತ ಎಲ್ಲೂ ಇಲ್ಲ.

ನೀವು "ಈಗ ರೆಸಿಡೆಂಟ್ ಆದೆವು" ಅಂದಿದ್ದೀರಲ್ಲ, ಅಲ್ಲಿ ಒಂದು ಗೊಂದಲ ಇದೆ, ತುಂಬಾ ಜನಕ್ಕೆ ಇದೆ. ಇಮಿಗ್ರೇಷನ್‌ನವರ ರೆಸಿಡೆಂಟ್ ಬೇರೆ, ಟ್ಯಾಕ್ಸ್‌ನವರ ರೆಸಿಡೆಂಟ್ ಬೇರೆ. ಟ್ಯಾಕ್ಸ್‌ನವರು ದಿನ ಎಣಿಸುತ್ತಾರೆ: ಈ ವರ್ಷ ಇದ್ದ ದಿನಗಳು, ಹೋದ ವರ್ಷದ್ದರಲ್ಲಿ ಮೂರನೇ ಒಂದು, ಅದರ ಹಿಂದಿನದ್ದರಲ್ಲಿ ಆರನೇ ಒಂದು ಭಾಗ, ಕೂಡಿದರೆ 183 ಆಯ್ತಾ, ಈ ವರ್ಷ ಕಡೇ ಪಕ್ಷ 31 ದಿನ ಇದ್ದಿರಾ, ಆಗ ನೀವು ರೆಸಿಡೆಂಟ್. ಆ ಲೆಕ್ಕದಲ್ಲಿ ನೀವು, ಮಕ್ಕಳು ಎಲ್ಲ ಎಂದೋ ರೆಸಿಡೆಂಟ್ ಆಗಿದ್ದಿರಿ. ಹಾಗಾಗಿ ಗ್ರೀನ್ ಕಾರ್ಡ್ ಬಂತು ಅನ್ನುವುದರಿಂದ ಹಳೇ ವರ್ಷಗಳಿಗೆ ಹೊಸದಾಗಿ ಏನೂ ಸೇರಲಿಲ್ಲ. ಅಡ್ಡ ಇದ್ದದ್ದು ನಂಬರ್ ಒಂದೇ, ಅದು ತಡವಾಗಿ ಬಂತು.

ಆಫೀಸಿನವರು ಸುಳ್ಳು ಹೇಳುತ್ತಿಲ್ಲ. ಅವರು ಹೇಳುತ್ತಿರುವುದು ಹಳೇ ಕಾಲದ್ದು. 2015ರ ಡಿಸೆಂಬರ್‌ವರೆಗೂ ಅರ್ನ್ಡ್ ಇನ್‌ಕಮ್ ಕ್ರೆಡಿಟ್‌ಗೆ (ಕಡಿಮೆ ಸಂಬಳಕ್ಕೆ ದುಡಿಯುವವರಿಗೆ ಕೊಡುವುದು) ಹಾಗೆ ಮಾಡಬಹುದಿತ್ತು: ನಂಬರ್ ಇಲ್ಲದೆ ವರ್ಷಗಟ್ಟಲೆ ದುಡಿದವರು ಎಸ್‌ಎಸ್‌ಎನ್ ಬಂದ ಮೇಲೆ ಹಿಂದಿನ ಮೂರು ವರ್ಷದ ರಿಟರ್ನ್ ತಿದ್ದಿ ಹಣ ತೆಗೆದುಕೊಳ್ಳುತ್ತಿದ್ದರು, ಐಆರ್‌ಎಸ್ (ಅಮೆರಿಕದ ಟ್ಯಾಕ್ಸ್ ಇಲಾಖೆ) ಕೂಡ ಕೊಡುತ್ತಿತ್ತು. ಪಾತ್ ಆಕ್ಟ್ ಅಂತ ಕಾನೂನು ಬಂದು ಆ ಬಾಗಿಲು ಮುಚ್ಚಿತು. ಚೈಲ್ಡ್ ಕ್ರೆಡಿಟ್ ಕಥೆ ಇನ್ನೂ ತಮಾಷೆ. 2017ರವರೆಗೆ ಅದು 1,000 ಡಾಲರ್ ಇತ್ತು, ಐಟಿನ್ ಇದ್ದ ಮಕ್ಕಳಿಗೂ ಸಿಗುತ್ತಿತ್ತು. 2018ರಿಂದ 2,000 ಮಾಡಿದರು, ಜೊತೆಗೇ ಮಗುವಿಗೆ ಎಸ್‌ಎಸ್‌ಎನ್ ಇರಲೇಬೇಕು ಅಂದರು. ಐಟಿನ್ ಮಕ್ಕಳಿಗೆ 500 ಉಳಿಯಿತು. ಗೂಗಲ್ ಮಾಡಿದರೆ ಈ ಮೂರೂ ಕಾಲದ ಉತ್ತರ ಒಂದರ ಪಕ್ಕ ಒಂದು ಬರುತ್ತವೆ, ತಾರೀಖು ನೋಡದೆ ಓದಿದರೆ ಮುಗೀತು.

ಬಂದದ್ದರಲ್ಲಿ ಪರ್ಸೆಂಟೇಜ್ ಕೇಳುವವರ ಹತ್ತಿರ ಹೋಗಲೇಬೇಡಿ. ಐಆರ್‌ಎಸ್‌ನವರೇ ಅಂಥವರಿಂದ ದೂರ ಇರಿ ಅಂತ ಪ್ರತಿ ವರ್ಷ ಹೇಳುತ್ತಾರೆ.

ತುಂಗಾತೀರ

ಮೇಷ್ಟ್ರೇ, ಬೇಜಾರಾಯ್ತು ಆದರೆ ಅರ್ಥ ಆಯ್ತು. ಥ್ಯಾಂಕ್ಸ್.

ಈಗ ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ. 2024ರ ಆಗಸ್ಟ್‌ನಲ್ಲಿ ನಾವು ಐ-485 (ಗ್ರೀನ್ ಕಾರ್ಡ್ ಅರ್ಜಿ) ಹಾಕಿದಾಗ ಲಾಯರ್ ಆಫೀಸಿನವರು ಮಕ್ಕಳಿಗೂ ಇಎಡಿ ಹಾಕಬೇಕಾ ಅಂತ ಕೇಳಿದ್ದರು, ತಲಾ 260 ಡಾಲರ್. ಎಂಟು ವರ್ಷದ ಹುಡುಗಿಗೆ, ಐದು ವರ್ಷದ ಹುಡುಗನಿಗೆ ಕೆಲಸದ ಪರ್ಮಿಟ್ ಯಾಕಪ್ಪಾ ಅಂತ ನಾನೂ ನಮ್ಮವರೂ ನಕ್ಕು ಬೇಡ ಅಂದೆವು. ಇಎಡಿ ಬಂದಿದ್ದರೆ ಆಗಲೇ ಎಸ್‌ಎಸ್‌ಎನ್ ಬರುತ್ತಿತ್ತು, 2024ರ ಕ್ರೆಡಿಟ್ ಆದರೂ ಸಿಗುತ್ತಿತ್ತು ಅಲ್ವಾ? 520 ಉಳಿಸೋಕೆ ಹೋಗಿ 3,000 ಕಳೆದುಕೊಂಡೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಈಗ ಲೆಕ್ಕ ಹಾಕ್ತಾ ಕೂತಿದ್ದೀನಿ.

ಎಡಿಸನ್ ಹುಡುಗ

ಅಕ್ಕಾ, ಆ ನಗು ನೀವೊಬ್ಬರೇ ನಕ್ಕಿದ್ದಲ್ಲ, ಸಮಾಧಾನ ಮಾಡಿಕೊಳ್ಳಿ. ಹೌದು, ಐ-485 ಹಾಕಿದ ಮಕ್ಕಳಿಗೆ ಇಎಡಿಗೆ ವಯಸ್ಸಿನ ಮಿತಿ ಇಲ್ಲ. ಅಂಬೆಗಾಲಿಡುವ ಮಗುವಿಗೂ ಕೊಡುತ್ತಾರೆ, ಆ ಪುಟ್ಟ ಮುಖದ ಫೋಟೋ ಇರುವ ವರ್ಕ್ ಪರ್ಮಿಟ್ ನೋಡಿದರೆ ನಗು ಬರುತ್ತದೆ. ಆದರೆ ಎಸ್‌ಎಸ್‌ಎನ್‌ಗೆ ಅದೇ ದಾರಿ.

ನಮ್ಮ ಕಥೆ ಹೇಳುತ್ತೇನೆ, ಇದನ್ನು ಓದುವ ಬೇರೆ ಯಾರಿಗಾದರೂ ಉಪಯೋಗ ಆಗಬಹುದು. 2020ರ ಅಕ್ಟೋಬರ್ ನೆನಪಿದೆಯಾ? ವೀಸಾ ಬುಲೆಟಿನ್‌ನಲ್ಲಿ (ಗ್ರೀನ್ ಕಾರ್ಡ್ ಸರದಿ ಎಲ್ಲಿಗೆ ಬಂತು ಅಂತ ಪ್ರತಿ ತಿಂಗಳು ಹೊರಡಿಸುವ ಪಟ್ಟಿ) ಇಂಡಿಯಾ ಇಬಿ-3 ಸಾಲಿನ ಫೈಲಿಂಗ್ ತಾರೀಖು ಇದ್ದಕ್ಕಿದ್ದಂತೆ 2015ರ ಜನವರಿ 1ಕ್ಕೆ ಜಿಗಿಯಿತು. ಇಬಿ-2ನಲ್ಲಿ ಕೊಳೆಯುತ್ತಿದ್ದವರೆಲ್ಲ ಇಬಿ-3ಗೆ ಇಳಿದು ಅರ್ಜಿ ಹಾಕಿದೆವು, ಆ ತಿಂಗಳು ಮೆಡಿಕಲ್ ಮಾಡುವ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಆಗಿತ್ತು. ನಾವು ಮಗಳಿಗೂ ಇಎಡಿ ಹಾಕಿದ್ದೆವು. ಆಗ ಐ-485 ಫೀಸ್‌ನಲ್ಲೇ ಅದು ಸೇರಿತ್ತು, ಬೇರೆ ದುಡ್ಡು ಕೊಡಬೇಕಿರಲಿಲ್ಲ, ಹಾಗಾಗಿ ಜಾಣತನ ಅಂತ ಹೇಳಿಕೊಳ್ಳಲ್ಲ. 2021ರ ಮೇ ಬಂತು, ಇಎಡಿ ಸುದ್ದಿಯೇ ಇಲ್ಲ. ಕೋವಿಡ್ ಕಾರಣಕ್ಕೆ ಆ ವರ್ಷ ರಿಟರ್ನ್‌ಗೆ ಕೊನೆಯ ದಿನ ಮೇ 17 ಮಾಡಿದ್ದರು. ನಮ್ಮ ಟ್ಯಾಕ್ಸ್ ನೋಡುವ ಅಜ್ಜ ಒಬ್ಬರಿದ್ದರು, ಅವರು "ಸುಮ್ನೆ ಒಂದು 4868 (ಎಕ್ಸ್‌ಟೆನ್ಷನ್ ಫಾರಂ) ಹಾಕಿ ಬಿಡು, ಕಟ್ಟಬೇಕಾದ್ದು ಏನಾದ್ರೂ ಇದ್ರೆ ಈಗಲೇ ಕಟ್ಟು, ರಿಟರ್ನ್ ಅಕ್ಟೋಬರ್‌ನಲ್ಲಿ ಹಾಕೋಣ" ಅಂದರು. ಅಷ್ಟೇ ಕೆಲಸ. ಆಗಸ್ಟ್‌ನಲ್ಲಿ ಇಎಡಿ, ಸೆಪ್ಟೆಂಬರ್‌ನಲ್ಲಿ ಮಗಳ ಎಸ್‌ಎಸ್‌ಎನ್, ಅಕ್ಟೋಬರ್ ಮೊದಲ ವಾರ ರಿಟರ್ನ್. 500 ಇದ್ದದ್ದು 2,000 ಆಯ್ತು. ಅದೇ ತಿಂಗಳು ಅರ್ಜಿ ಹಾಕಿದ ನನ್ನ ಗೆಳೆಯ ರೀಫಂಡ್ ಬೇಗ ಬರಲಿ ಅಂತ ಮಾರ್ಚ್‌ನಲ್ಲೇ ಫೈಲ್ ಮಾಡಿಬಿಟ್ಟಿದ್ದ. ಅವನ ಮಗನ ನಂಬರೂ ಸೆಪ್ಟೆಂಬರ್‌ನಲ್ಲೇ ಬಂತು. ಅವನಿಗೆ ಆ ವರ್ಷದ್ದು ಸಿಗಲಿಲ್ಲ, ಅವನ ಕೊನೆಯ ದಿನ ಮೇ 17ಕ್ಕೇ ಮುಗಿದಿತ್ತು.

ಹಾಗಾಗಿ ಮಕ್ಕಳ ಇಎಡಿಯೋ ಗ್ರೀನ್ ಕಾರ್ಡೋ ಪೆಂಡಿಂಗ್ ಇಟ್ಟುಕೊಂಡು ಈಗ ಕಾಯುತ್ತಿರುವವರು ಯಾರೇ ಇರಲಿ, ಏಪ್ರಿಲ್ 15ರೊಳಗೆ ಎಕ್ಸ್‌ಟೆನ್ಷನ್ ಹಾಕಿ ಕೂರಿ. ಫೈಲ್ ಮಾಡಲು ಮಾತ್ರ ಸಮಯ ಸಿಗುತ್ತದೆ, ದುಡ್ಡು ಕಟ್ಟಲು ಸಿಗಲ್ಲ, ಅದೊಂದು ನೆನಪಿರಲಿ.

ಸುಮ್ನೆ ಬಂದೆ

ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳೋದು ಯಾಕೆ? 1040-ಎಕ್ಸ್‌ನಲ್ಲಿ (ರಿಟರ್ನ್ ತಿದ್ದುವ ಫಾರಂ) ಎಸ್‌ಎಸ್‌ಎನ್ ಹಾಕಿ ಕಳಿಸಿ. ಬಂದ್ರೆ ಬಂತು, ಇಲ್ಲ ಅಂದ್ರೆ ರಿಜೆಕ್ಟ್ ಮಾಡ್ತಾರೆ ಅಷ್ಟೇ. ಕೇಳೋದರಲ್ಲಿ ಏನು ಹೋಗುತ್ತೆ? ನನ್ನ ಕಸಿನ್‌ಗೆ ಹೋದ ವರ್ಷ ಚೆಕ್ ಬಂದಿದೆ.

ಲೆಕ್ಕದ ಮೇಷ್ಟ್ರು

ಏನು ಹೋಗುತ್ತೆ ಅಂದರೆ, ಕೇಳುತ್ತೀರಿ ಅಂತ ಹೇಳುತ್ತೇನೆ. ಅರ್ಹತೆ ಇಲ್ಲದ ರೀಫಂಡ್ ಕೇಳಿದರೆ, ಜಾಸ್ತಿ ಕೇಳಿದ ಮೊತ್ತದ ಮೇಲೆ 20 ಪರ್ಸೆಂಟ್ ದಂಡ ಹಾಕಬಹುದು. ನಿಯಮ ಗೊತ್ತಿದ್ದೂ ಅಥವಾ ನೋಡುವ ಗೋಜಿಗೇ ಹೋಗದೆ ಕೇಳಿದ್ದೀರಿ ಅಂತ ಅವರಿಗೆ ಅನಿಸಿದರೆ ಮುಂದಿನ ಎರಡು ವರ್ಷ ಈ ಕ್ರೆಡಿಟ್ಟೇ ಇಲ್ಲ, ಮೋಸ ಅಂತ ತೀರ್ಮಾನ ಆದರೆ ಹತ್ತು ವರ್ಷ. ಈ ಮೇಡಂಗೆ ಈ ವರ್ಷದಿಂದ ನ್ಯಾಯವಾಗಿ 4,400 ಬರುವುದಿದೆ, ಎರಡು ವರ್ಷ ಅದಕ್ಕೆ ಕಲ್ಲು ಹಾಕಿಕೊಳ್ಳಬೇಕಾ? ಅದರ ಮೇಲೆ ಮತ್ತೆ ಕೇಳುವಾಗ 8862 ಅಂತ ಇನ್ನೊಂದು ಫಾರಂ. ನಂಬರ್ ಯಾವಾಗ ಕೊಟ್ಟದ್ದು ಅನ್ನುವುದು ಸೋಷಿಯಲ್ ಸೆಕ್ಯುರಿಟಿಯವರ ದಾಖಲೆಯಲ್ಲಿ ಇದ್ದೇ ಇರುತ್ತದೆ, ಬಚ್ಚಿಡುವ ವಿಷಯವೇ ಅಲ್ಲ. ಚೆಕ್ ಬಂದ ಮಾತ್ರಕ್ಕೆ ಮುಗಿಯಿತು ಅಂತಲೂ ಅಲ್ಲ, ಆಮೇಲೆ ಬಡ್ಡಿ ಸೇರಿಸಿ ವಾಪಸ್ ಕೇಳುತ್ತಾರೆ. ಇನ್ನು ಕೆಲವು ವರ್ಷಕ್ಕೆ ಸಿಟಿಜನ್‌ಶಿಪ್ ಅರ್ಜಿಯಲ್ಲಿ ಟ್ಯಾಕ್ಸ್ ಬಾಕಿ ಬಗ್ಗೆ ಪ್ರಶ್ನೆ ಇರುತ್ತದೆ, ಅದನ್ನೂ ಯೋಚಿಸಿ.

ನಿಮ್ಮ ಕಸಿನ್ ಮಗುವಿನ ಎಸ್‌ಎಸ್‌ಎನ್ ಮೊದಲೇ ಬಂದಿತ್ತೇನೋ, ಒಮ್ಮೆ ಕೇಳಿ ನೋಡಿ. ಹಾಗಿದ್ದರೆ ಅವರು ಮಾಡಿದ್ದು ಸರಿಯೇ. ಇದು ತುಂಬಾ ಜನಕ್ಕೆ ತಿಳಿಯದ ವಿಷಯ: ನೋಡುವುದು ನಂಬರ್ ಮಂಜೂರಾದ ತಾರೀಖು, ನೀವು ಅದನ್ನು ಬಳಸಿದ ತಾರೀಖಲ್ಲ. ಉದಾಹರಣೆಗೆ 2024ರ ಮಾರ್ಚ್‌ನಲ್ಲಿ ಎಸ್‌ಎಸ್‌ಎನ್ ಬಂದಿತ್ತು, ಆದರೆ ಫೆಬ್ರವರಿಯಲ್ಲೇ 2023ರ ರಿಟರ್ನ್ ಐಟಿನ್ ಹಾಕಿ ಕಳಿಸಿಬಿಟ್ಟಿದ್ದರು ಅಂದುಕೊಳ್ಳಿ. ಅವರು ಈಗಲೂ ಆ ವರ್ಷದ್ದು ತಿದ್ದಿ ಕೇಳಬಹುದು, ಮೂರು ವರ್ಷದ ಗಡುವು ಮುಗಿಯುವವರೆಗೆ.

ಸುಮ್ನೆ ಬಂದೆ

ಸರಿ ಮೇಷ್ಟ್ರೇ, ಕಸಿನ್‌ನ ಕೇಳಿದೆ. ಅವರ ಮಗಳ ಕಾರ್ಡ್ 2023ರದ್ದಂತೆ. ನನ್ನ ಮಾತು ವಾಪಸ್.

ಹಾಸನದ ಹೈದ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಮಕ್ಕಳ ವಿಷಯ ಅಲ್ಲ, ಹೆಂಡತಿಯದ್ದು. ಅವಳು 2023ರ ಜನವರಿಯಲ್ಲಿ ಎಚ್-4 ಅವಲಂಬಿತ ವೀಸಾದಲ್ಲಿ ಬಂದಳು. ನಂಬರ್ ಇರಲಿಲ್ಲ, ಐಟಿನ್‌ಗೆ ಪಾಸ್‌ಪೋರ್ಟ್ ಕಳಿಸಬೇಕು ಅಂದರು, ಭಯ ಆಗಿ ಬಿಟ್ಟೆವು. 2023 ಮತ್ತು 2024 ಎರಡೂ ನಾನು ಮ್ಯಾರೀಡ್ ಫೈಲಿಂಗ್ ಸಪರೇಟ್ (ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್) ಹಾಕಿದ್ದೇನೆ. ಹೋದ ನವೆಂಬರ್‌ನಲ್ಲಿ ಎಚ್-4 ಇಎಡಿ ಬಂತು, ಎಸ್‌ಎಸ್‌ಎನ್ ಕೂಡ. ನನಗೂ ಇದೇ ಗತಿನಾ?

ಲೆಕ್ಕದ ಮೇಷ್ಟ್ರು

ಇಲ್ಲ ಹೈದ, ನಿನ್ನದು ಒಳ್ಳೇ ಸುದ್ದಿ. ಜಾಯಿಂಟ್ ಹಾಕುವುದು ಕ್ರೆಡಿಟ್ ಅಲ್ಲ, ಅದಕ್ಕೆ ಆ ತಾರೀಖಿನ ಕಟ್ಟು ಇಲ್ಲ. ಈಗಿನ ನಂಬರ್ ಹಾಕಿ ಎರಡೂ ವರ್ಷದ್ದು ಸಪರೇಟ್‌ನಿಂದ ಜಾಯಿಂಟ್‌ಗೆ ತಿದ್ದಬಹುದು, ಮೂಲ ರಿಟರ್ನ್‌ನ ಕೊನೆಯ ದಿನದಿಂದ ಮೂರು ವರ್ಷದವರೆಗೆ. 2023ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ 13,850 ಇದ್ದದ್ದು 27,700 ಆಗುತ್ತದೆ, 2024ಕ್ಕೆ 14,600 ಇದ್ದದ್ದು 29,200. ಸ್ಲ್ಯಾಬ್ ಕೂಡ ಅಗಲ ಆಗುತ್ತದೆ. ಅವಳಿಗೆ ಇಲ್ಲಿ ಸಂಪಾದನೆ ಇರಲಿಲ್ಲ ಅಂದರೆ ಬರುವ ಮೊತ್ತ ಚೆನ್ನಾಗಿಯೇ ಇರುತ್ತದೆ. ಇಬ್ಬರೂ ಸಹಿ ಮಾಡಬೇಕು, ಅವಳ ಊರಿನ ಬ್ಯಾಂಕ್ ಬಡ್ಡಿ, ಎಫ್‌ಡಿ ಎಲ್ಲ ಸೇರಿಸಬೇಕು, ಅದನ್ನು ಬಿಡಬೇಡ. ಒಂದು ವೇಳೆ ಯಾವುದಾದರೂ ವರ್ಷ ಅವಳು ಪೂರ್ತಿ ಊರಲ್ಲೇ ಇದ್ದಿದ್ದರೆ, ನಾವಿಬ್ಬರೂ ರೆಸಿಡೆಂಟ್ ಅಂತ ಲೆಕ್ಕ ಹಾಕಿಸಿಕೊಳ್ಳುತ್ತೇವೆ ಅಂತ ಒಂದು ಹಾಳೆ ಬರೆದು ಇಬ್ಬರೂ ಸಹಿ ಹಾಕಿ ಲಗತ್ತಿಸಬೇಕಿತ್ತು. ನಿನಗೂ 2023ಕ್ಕೆ ಇಂಥದೇ ಹಾಳೆ ಬೇಕು, ಅವಳು ಬಂದದ್ದು ಆ ವರ್ಷ ಶುರುವಾದ ಮೇಲೆ ಅಲ್ವಾ; 2024ಕ್ಕೆ ಅದರ ಅವಶ್ಯಕತೆ ಕಾಣಲ್ಲ.

ಉಲ್ಟಾ ಆಗಲ್ಲ ಅನ್ನುವುದೂ ಗೊತ್ತಿರಲಿ. ಜಾಯಿಂಟ್ ಹಾಕಿ ಕೊನೆಯ ದಿನ ದಾಟಿದ ಮೇಲೆ ಸಪರೇಟ್‌ಗೆ ಬದಲಾಯಿಸಲು ಬಿಡಲ್ಲ.

ಮಲ್ಲಿಗೆ ಹಂಬು

ತುಂಗಾತೀರ ಅವರೇ, ನಿಮಗೆ ಒಂದು ಪ್ರಶ್ನೆ. ನೀವು ಎಲ್-2ನಲ್ಲಿ ಕೆಲಸ ಮಾಡುತ್ತಿದ್ದಿರಾ? ಮಾಡುತ್ತಿದ್ದರೆ ಚಿಕ್ಕವನನ್ನು ಎಲ್ಲಿ ಬಿಡುತ್ತಿದ್ದಿರಿ? ಯಾಕೆ ಕೇಳುತ್ತಿದ್ದೇನೆ ಅಂದರೆ ನಾವು ಮಾಡಿದ ತಪ್ಪನ್ನೇ ನೀವೂ ಮಾಡಿರಬಹುದು ಅಂತ ಅನುಮಾನ.

ತುಂಗಾತೀರ

ಹೌದು, 2022ರ ಆಗಸ್ಟ್‌ನಿಂದ ಕೆಲಸ ಮಾಡುತ್ತಿದ್ದೇನೆ. ಚಿಕ್ಕವನು ಡೇಕೇರ್‌ನಲ್ಲಿ, ತಿಂಗಳಿಗೆ 1,100 ಡಾಲರ್. ನನ್ನ ಸಂಬಳದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ದೊಡ್ಡವಳಿಗೆ ಸ್ಕೂಲ್ ಮುಗಿದ ಮೇಲೆ ಆಫ್ಟರ್‌ಕೇರ್. ಡೇಕೇರ್‌ಗೂ ಏನೋ ಕ್ರೆಡಿಟ್ ಇದೆ ಅಂತ ಕೇಳಿದ್ದೆ, ಆದರೆ ಎಸ್‌ಎಸ್‌ಎನ್ ಇಲ್ಲದ ಮಕ್ಕಳಿಗೆ ಅದೂ ಇಲ್ಲ ಅಂತ ನಾವೇ ಅಂದುಕೊಂಡು ಸಿಪಿಎಗೆ ಹೇಳಲೇ ಇಲ್ಲ. ಅವರೂ ಕೇಳಲಿಲ್ಲ.

ಮಲ್ಲಿಗೆ ಹಂಬು

ಅದೇ ಅಂದುಕೊಂಡೆ! ಅದು ಬೇರೆ ಕ್ರೆಡಿಟ್, ಅದಕ್ಕೆ ಐಟಿನ್ ಸಾಕು. ಮಗು 13ರ ಒಳಗಿರಬೇಕು, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿರಬೇಕು, ನೀವು ಕೆಲಸಕ್ಕೆ ಹೋಗುವ ಕಾರಣಕ್ಕೆ ಕೊಟ್ಟ ದುಡ್ಡಾಗಿರಬೇಕು. ಎಲ್ಲವೂ ನಿಮಗೆ ಹೊಂದುತ್ತದೆ. ಒಂದು ಮಗುವಿಗಾದರೆ 3,000, ಎರಡು ಮಕ್ಕಳಿದ್ದರೆ ವರ್ಷಕ್ಕೆ 6,000 ಡಾಲರ್ ಖರ್ಚಿನವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ನಿಮ್ಮಂಥ ಆದಾಯಕ್ಕೆ ಅದರ 20 ಪರ್ಸೆಂಟ್. ಎರಡು ಮಕ್ಕಳು ಅಂದ ಮೇಲೆ ಇಬ್ಬರಿಗೂ ಸಮ ಖರ್ಚಾಗಿರಬೇಕು ಅಂತಲೂ ಇಲ್ಲ. 2023, 2024ಕ್ಕೆ ಡೇಕೇರ್ ಒಂದರಲ್ಲೇ ನಿಮ್ಮ 6,000 ದಾಟುತ್ತದೆ, ವರ್ಷಕ್ಕೆ 1,200. 2022ರಲ್ಲಿ ಐದು ತಿಂಗಳು, 5,500 ಆಯ್ತು, ಅದಕ್ಕೆ 1,100. ಒಟ್ಟು 3,500. ಒಂಬತ್ತು ಸಾವಿರ ಅಲ್ಲ, ನಿಜ. ಆದರೆ ಇದು ನಿಮ್ಮದೇ ದುಡ್ಡು, ಯಾರಿಗೂ ಹೆದರಬೇಕಿಲ್ಲ.

ನಿಮ್ಮ ಯಜಮಾನರ ಆಫೀಸಿನಲ್ಲಿ ಡಿಪೆಂಡೆಂಟ್ ಕೇರ್ ಎಫ್‌ಎಸ್‌ಎ ಅಂತ ಡೇಕೇರ್ ಖರ್ಚಿಗೆ ಟ್ಯಾಕ್ಸ್ ಇಲ್ಲದೆ ಸಂಬಳದಿಂದ ಹಿಡಿಯುತ್ತಿದ್ದರಾ ನೋಡಿ, ಹಿಡಿದಿದ್ದರೆ ಅಷ್ಟು ಕಳೆಯಬೇಕು. ಆಫ್ಟರ್‌ಕೇರ್ ಬರುತ್ತದೆ, ಬೇಸಿಗೆಯ ಡೇ ಕ್ಯಾಂಪ್ ಬರುತ್ತದೆ, ರಾತ್ರಿ ಉಳಿಯುವ ಕ್ಯಾಂಪ್ ಬರಲ್ಲ.

ನಾವೂ ನಿಮ್ಮ ಹಾಗೇ ಎರಡು ವರ್ಷ ಬಿಟ್ಟಿದ್ದೆವು. "ಐಟಿನ್ ಅಂದ್ರೆ ಏನೂ ಸಿಗಲ್ಲ" ಅನ್ನೋ ಮಾತು ನಮ್ಮವರ ಬಾಯಲ್ಲಿ ಎಷ್ಟು ಓಡಾಡುತ್ತದೆ ಅಂದರೆ ಯಾರೂ ಫಾರಂ ತೆಗೆದು ನೋಡಲ್ಲ.

ಲೆಕ್ಕದ ಮೇಷ್ಟ್ರು

ಶಹಬ್ಬಾಸ್. ನಾನು ಕೇಳಬೇಕಿದ್ದ ಪ್ರಶ್ನೆ ಅದು, ಬಿಟ್ಟುಬಿಟ್ಟೆ. ಇವರು ಹೇಳಿದ್ದು ಪೂರ್ತಿ ಸರಿ.

ಹಾಗಾದರೆ ಮೇಡಂ, ಮೊದಲು 2022ರದ್ದು ಎತ್ತಿಕೊಳ್ಳಿ. ಅದಕ್ಕೆ ಮೂರು ವರ್ಷದ ಗಡುವು ಈ ಏಪ್ರಿಲ್‌ಗೆ ಮುಗಿಯುತ್ತದೆ, 15ರ ಒಳಗೆ ಪೋಸ್ಟ್ ಆಗಿರಲಿ. ಕಂಪ್ಯೂಟರಿನಿಂದಲೇ ಕಳಿಸುವುದು ಈಚಿನ ಮೂರು ವರ್ಷದ್ದಕ್ಕೆ ಮಾತ್ರ, 2022 ಅದರ ಆಚೆ ಹೋಯಿತು, ಹಾಗಾಗಿ ಪ್ರಿಂಟ್ ತೆಗೆದು, ಇಬ್ಬರೂ ಸಹಿ ಮಾಡಿ, ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. 2023, 2024 ಆನ್‌ಲೈನ್ ಹೋಗುತ್ತವೆ. ಒಂದೊಂದು ವರ್ಷಕ್ಕೆ ಒಂದೊಂದು 1040-ಎಕ್ಸ್, ಜೊತೆಗೆ ಡೇಕೇರ್ ಕ್ರೆಡಿಟ್‌ನ ಫಾರಂ 2441. ದುಡ್ಡು ಬರಲು 8ರಿಂದ 12 ವಾರ, ಕೆಲವೊಮ್ಮೆ 16. ಬಡ್ಡಿಯನ್ನೂ ಕೊಡುತ್ತಾರೆ, ಆ ಬಡ್ಡಿಗೆ ಮುಂದಿನ ವರ್ಷ ಟ್ಯಾಕ್ಸ್ ಕಟ್ಟಿಸಿಕೊಳ್ಳುತ್ತಾರೆ, ಬಿಡಲ್ಲ ಅವರು.

ಒಂದು ಕಡೆ ಹುಷಾರಾಗಿರಿ. ಈಗ ಮಕ್ಕಳಿಗೆ ಎಸ್‌ಎಸ್‌ಎನ್ ಇರುವುದರಿಂದ ತಿದ್ದುವಾಗ ಅದನ್ನೇ ಹಾಕಬೇಕು, ಐಟಿನ್ ಅಲ್ಲ. ಹಾಕಿದ ಕೂಡಲೇ ಸಾಫ್ಟ್‌ವೇರ್ ಖುಷಿಯಾಗಿ 2,000 ಕೊಡಲು ಹೋಗುತ್ತದೆ. ಈ ನಂಬರ್ ರಿಟರ್ನ್‌ನ ಕೊನೆಯ ದಿನದೊಳಗೆ ಬಂದಿತ್ತಾ ಅಂತ ಎಲ್ಲೋ ಒಂದು ಕಡೆ ಸಣ್ಣದಾಗಿ ಕೇಳುತ್ತದೆ, ಅಲ್ಲಿ ಇಲ್ಲ ಅನ್ನಿ. ಆಗ 500 ಹಾಗೇ ಉಳಿಯುತ್ತದೆ, ಡೇಕೇರ್ ಮಾತ್ರ ಸೇರುತ್ತದೆ. ಕಾರಣ ಬರೆಯುವ ಜಾಗದಲ್ಲಿ ಎರಡು ಸಾಲು ಸಾಕು: ಡೇಕೇರ್ ಕ್ರೆಡಿಟ್ ಮೊದಲು ಕೇಳಿರಲಿಲ್ಲ, ಮಕ್ಕಳಿಗೆ ಆಗ ಐಟಿನ್ ಇತ್ತು, ಈಗ ಎಸ್‌ಎಸ್‌ಎನ್.

ಐಟಿನ್ ರದ್ದು ಮಾಡಿ ಹಳೇ ದಾಖಲೆ ಹೊಸ ನಂಬರಿಗೆ ಸೇರಿಸಿ ಅಂತ ಆಸ್ಟಿನ್‌ನಲ್ಲಿರುವ ಐಆರ್‌ಎಸ್‌ಗೆ ಒಂದು ಕಾಗದ ಬರೆಯಿರಿ, ಮಕ್ಕಳ ಕಾರ್ಡಿನ ಜೆರಾಕ್ಸ್ ಮತ್ತು ಐಟಿನ್ ಕೊಟ್ಟಾಗ ಬಂದಿದ್ದ ನೋಟಿಸ್ ಇದ್ದರೆ ಅದರ ಪ್ರತಿ ಇಟ್ಟು. ನಿಮ್ಮ ಊರಿನ ಪಕ್ಕದಲ್ಲೇ ಇದೆಯಲ್ಲ.

ತುಂಗಾತೀರ

ಪಕ್ಕ ಅಂದ್ರೆ ಮೂರೂವರೆ ಗಂಟೆ ಡ್ರೈವ್ ಮೇಷ್ಟ್ರೇ, ಪೋಸ್ಟ್‌ನಲ್ಲೇ ಕಳಿಸ್ತೀನಿ 🙂

ಮಲ್ಲಿಗೆ ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ. ಎಫ್‌ಎಸ್‌ಎ ನಮಗಿರಲಿಲ್ಲ, ನಿನ್ನೆ ರಾತ್ರಿ ಮೂರೂ ವರ್ಷದ ಡಬ್ಲ್ಯು-2 (ಆಫೀಸಿನವರು ಕೊಡುವ ವರ್ಷದ ಸಂಬಳದ ಪತ್ರ) ತೆಗೆದು ನೋಡಿದೆ. ಆ 25 ಪರ್ಸೆಂಟ್‌ನವರಿಗೆ ಬೇಡ ಅಂತ ಹೇಳಿಯಾಯ್ತು. ತಮಾಷೆ ಅಂದರೆ ಅವರೂ ಡೇಕೇರ್ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಒಂದೇ ತೊಡಕು. 2441ರಲ್ಲಿ ಡೇಕೇರ್‌ನವರ ಟ್ಯಾಕ್ಸ್ ನಂಬರ್ ಕೇಳುತ್ತದೆ. 2023ರಿಂದ ಇರುವವರು ಒಂದು ಫೋನ್‌ಗೆ ಕೊಟ್ಟರು. 2022ರಲ್ಲಿ ಬಿಡುತ್ತಿದ್ದ ಜಾಗ ಮುಚ್ಚಿಹೋಗಿದೆ, ಫೋನ್ ನಂಬರೂ ಹೋಗಲ್ಲ. ಏನು ಮಾಡೋದು?

ಮಲ್ಲಿಗೆ ಹಂಬು

ಹಳೇ ಇಮೇಲ್ ಹುಡುಕಿ. ಡೇಕೇರ್‌ನವರು ವರ್ಷದ ಕೊನೆಗೆ ಇಷ್ಟು ಕಟ್ಟಿದ್ದೀರಿ ಅಂತ ಒಂದು ಪತ್ರ ಕಳಿಸುತ್ತಾರೆ, ಕೆಳಗಡೆ ಚಿಕ್ಕ ಅಕ್ಷರದಲ್ಲಿ ಇಐಎನ್ (ಅವರ ಟ್ಯಾಕ್ಸ್ ನಂಬರ್) ಇರುತ್ತದೆ. ಅದೂ ಸಿಗದಿದ್ದರೆ ಹೆಸರು, ವಿಳಾಸ ಹಾಕಿ, ನಂಬರ್ ಪಡೆಯಲು ಏನೇನು ಪ್ರಯತ್ನ ಮಾಡಿದಿರಿ ಅಂತ ಒಂದು ಹಾಳೆ ಬರೆದು ಸೇರಿಸಬಹುದು. ಬ್ಯಾಂಕ್ ಸ್ಟೇಟ್‌ಮೆಂಟ್ ಎತ್ತಿಟ್ಟುಕೊಳ್ಳಿ, ಕೇಳಿದರೆ ತೋರಿಸಲು.

ತುಂಗಾತೀರ

ಸಿಕ್ತು! ನಮ್ಮವರ ಇಮೇಲ್‌ನಲ್ಲಿ, 2023ರ ಜನವರಿಯದ್ದು, ತೆರೆದೂ ನೋಡಿರಲಿಲ್ಲ. ಇಐಎನ್ ಇದೆ, ಮೊತ್ತ 5,500 ಅಲ್ಲ 5,640, ರಿಜಿಸ್ಟ್ರೇಷನ್ ಫೀಸ್ 140 ಸೇರಿ. ಅದನ್ನೂ ಹಾಕಬಹುದಾ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು

ಮಗುವನ್ನು ಸೇರಿಸಲು ಕೊಡಲೇಬೇಕಿದ್ದ ಫೀಸ್, ಸೇರಿಸಿದ್ದೂ ಆಯ್ತು, ಅಂದಮೇಲೆ ಹಾಕಿ. ಇನ್ನು 28 ಡಾಲರ್ ಜಾಸ್ತಿ.